ಅಡ್ವಾನ್ಸಿನಲ್ಲಿ ಮುರಿದುಕೊಳ್ಳಲಿ ಎನ್ನುವ ಮುಂಚೆ

ರಾಯಚೂರಿನಿಂದ ಓದುಗರೊಬ್ಬರು ಬರೆದಿದ್ದಾರೆ: ‘ಮೂವರು ಗೆಳೆಯರು ಸೇರಿ ಮಹಡಿ ಮನೆ ಬಾಡಿಗೆ ಹಿಡಿದಿದ್ದೇವೆ. ಬಚ್ಚಲಿನ ಶಹಾಬಾದ್ ಪರ್ಸಿ (ನೆಲಕ್ಕೆ ಹಾಸುವ ಕಲ್ಲು) ಮೇಲಿನ ಬಿಳಿ ಕಲೆ ಹೋಗಲೆಂದು ಒಬ್ಬ ಇಡೀ ಬಾಟಲಿ ಆಸಿಡ್ ಸುರಿದ. ಈಗ ಕಲ್ಲು ತರಿತರಿಯಾಗಿದೆ, ಸಂದಿಯ ಸಿಮೆಂಟ್ ಉದುರುತ್ತಿದೆ. ಕೆಳಗೆ ಒಬ್ಬರೇ ಇರುವ ಮಾಲೀಕರಮ್ಮನಿಗೆ ಹೇಳಬೇಡ, ಮನೆ ಬಿಡುವಾಗ ಅಡ್ವಾನ್ಸಿನಲ್ಲಿ ಮುರಿದುಕೊಳ್ಳಲಿ ಅನ್ನುತ್ತಾನೆ. ಗೆಳೆತನ ಕೆಡಿಸಿಕೊಳ್ಳಲೇ?’

ಗೆಳೆತನ ದೊಡ್ಡದು, ಒಪ್ಪಿದೆ. ಆಸಿಡ್ ಸುರಿದವರು ಬಚ್ಚಲು ತೊಳೆಯಲು ಹೋದವರೇ ಹೊರತು ಕೆಡಿಸಲು ಹೋದವರಲ್ಲ. ಆದರೆ ಮುಚ್ಚಿಡುವ ಮಾತನ್ನು ಮಾತ್ರ ಒಪ್ಪಲಾರೆ. ಸಂದಿ ಬಿಟ್ಟ ಬಚ್ಚಲಿನ ನೀರು ಇಳಿಯುವುದು ಆ ಅಮ್ಮನ ಮನೆಯ ಛತ್ತಿಗೆ. ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿದರೆ ಅದು ಉಬ್ಬಿ ಗಿಲಾವನ್ನು ಕೆಡವುತ್ತದೆ. ಈಗ ಗೌಂಡಿಯ ಒಂದೆರಡು ದಿನದ ಕೆಲಸ, ಆಗ ಯಾವ ಅಡ್ವಾನ್ಸೂ ಸಾಲದು.

ಆದದ್ದೇನೆಂದು ತಿಳಿದುಕೊಳ್ಳಿ. ಶಹಾಬಾದ್ ಕಲ್ಲು ಸುಣ್ಣದ ಕಲ್ಲು. ಬೋರ್‌ವೆಲ್‌ನ ಗಡುಸು ನೀರು ಒಣಗಿದಾಗ ಉಳಿಯುವ ಬಿಳಿ ಕಲೆಯಲ್ಲೂ ಹೆಚ್ಚಿನ ಪಾಲು ಅದೇ ಕ್ಯಾಲ್ಸಿಯಂ ಕಾರ್ಬೊನೇಟ್. ಕಲೆ ಯಾವುದು, ಕಲ್ಲು ಯಾವುದು ಎಂದು ಆಸಿಡ್ಡಿಗೆ ಗೊತ್ತಾಗುವುದಿಲ್ಲ. ಬುಸುಬುಸು ನೊರೆ ಬಂದಾಗ ಕೊಳೆ ಹೋಗುತ್ತಿದೆ ಎಂದು ಖುಷಿಪಡುತ್ತೇವೆ, ಹೋಗುತ್ತಿರುವುದು ಕಲ್ಲೇ. ಕಡಪ ಕಲ್ಲಿಗೂ ಇದೇ ಗತಿ. ಪರ್ಸಿಗೆ ಸೋಪಿನ ಪುಡಿ, ನಾರಿನ ಬ್ರಷ್, ದಪ್ಪ ಕಲೆಗೆ ಪ್ಲಾಸ್ಟಿಕ್ ಪಟ್ಟಿ ಸಾಕು. ಆಸಿಡ್ ಬಿದ್ದಲ್ಲಿ ಬ್ಲೀಚಿಂಗ್ ಪೌಡರ್ ಹಾಕಲೇಬೇಡಿ, ಕ್ಲೋರಿನ್ ಅನಿಲ ಎದ್ದು ಉಸಿರು ಕಟ್ಟುತ್ತದೆ.

ಇವತ್ತೇ ಧಾರಾಳವಾಗಿ ನೀರು ಹೊಯ್ದು ತೊಳೆಯಿರಿ. ಲೀಟರ್ ನೀರಿಗೆ ಎರಡು ಚಮಚ ಅಡುಗೆ ಸೋಡಾ ಕಲಸಿ ಸಂದಿಗಳಿಗೆ ಸುರಿಯಿರಿ. ಗುಳ್ಳೆ ಎದ್ದರೆ ಆಸಿಡ್ ಇನ್ನೂ ಉಳಿದಿದೆ ಎಂದು ಲೆಕ್ಕ, ನಿಲ್ಲುವವರೆಗೂ ಹಾಕಿ. ಎರಡು ದಿನ ಆ ಬಚ್ಚಲು ಬಳಸದೆ ಒಣಗಲು ಬಿಡಿ. ಆಮೇಲೆ ಗೌಂಡಿ ಬಂದು ಸಡಿಲಾದ ಸಿಮೆಂಟನ್ನು ಗಟ್ಟಿ ಸಿಗುವವರೆಗೆ ಕೆರೆದು ಹೊಸದಾಗಿ ತುಂಬಬೇಕು. ಹಳೆಯದರ ಮೇಲೆಯೇ ಬಿಳಿ ಸಿಮೆಂಟ್ ಸವರಿದರೆ ತಿಂಗಳೊಳಗೆ ಎದ್ದುಬರುತ್ತದೆ. ಸಂದಿ ಗಟ್ಟಿಯಾದ ಮೇಲೆ ಪಾಲಿಶ್ ಮಷೀನಿನಲ್ಲಿ ಮೊದಲು ಒರಟು ಉಜ್ಜುಗಲ್ಲು, ಆಮೇಲೆ ನಯದ ಉಜ್ಜುಗಲ್ಲು ಹಾಕಿ ಉಜ್ಜಿಸಿ. ಉಜ್ಜುವಾಗ ಬರುವ ರಾಡಿಯನ್ನು ಬಕೆಟ್ಟಿಗೆ ಬಳಿದು ಹೊರಗೆ ಹಾಕಿಸಿ, ಮೋರಿಗೆ ಬಿಟ್ಟರೆ ಪೈಪಿನಲ್ಲೇ ಗಟ್ಟಿಯಾಗಿ ಕೂರುತ್ತದೆ.

ಇನ್ನು ಕಾನೂನಿನ ಮಾತು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನ ಪ್ರಕಾರ, ಸಹಜ ಸವೆತ ಬಿಟ್ಟು ಮನೆಯನ್ನು ಪಡೆದ ಸ್ಥಿತಿಯಲ್ಲೇ ಮರಳಿಸುವುದು ಬಾಡಿಗೆದಾರರ ಹೊಣೆ. ತಮ್ಮಿಂದಲೇ ಆದ ಕೇಡನ್ನು ಮಾಲೀಕರು ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಸರಿಪಡಿಸಬೇಕು. ಕರಾರಿಗೆ ಮೂವರೂ ಸಹಿ ಹಾಕಿದ್ದರೆ 1872ರ ಕರಾರು ಕಾಯ್ದೆಯ 43ನೇ ಕಲಮು ನಿಮ್ಮನ್ನೂ ಹಿಡಿಯುತ್ತದೆ: ಮಾಲೀಕರು ಯಾರೊಬ್ಬರಿಂದಲಾದರೂ ಪೂರ್ತಿ ವಸೂಲಿ ಕೇಳಬಹುದು, ನಿಮ್ಮೊಳಗೆ ಬೇರೆ ಮಾತಾಗಿಲ್ಲದಿದ್ದರೆ ಸಮಪಾಲು. ಆದ್ದರಿಂದ ‘ಬಚ್ಚಲಿನ ಖರ್ಚು ನನ್ನದು’ ಎಂದು ಆಸಿಡ್ ಸುರಿದ ಗೆಳೆಯರಿಂದ ಎರಡು ಸಾಲು ಬರೆಸಿಕೊಳ್ಳಿ. ಗೆಳೆತನ ಉಳಿಯುವುದೂ ಇದರಿಂದಲೇ.

ಈ ತಂಟೆಗೆಲ್ಲ ಮೂಲ ನಮ್ಮ ಬಾಡಿಗೆ ಪತ್ರಗಳು. ಹನ್ನೊಂದು ತಿಂಗಳ ಅದೇ ಸಿದ್ಧ ನಮೂನೆ, ಹೆಸರು ಬದಲು, ಮೊತ್ತ ಬದಲು, ಸಹಿ. ಫ್ಯಾನೆಷ್ಟು, ಬಲ್ಬೆಷ್ಟು ಎಂದು ಬರೆಯುತ್ತಾರೆ. ನೆಲ ಯಾವ ಕಲ್ಲಿನದು, ಅದಕ್ಕೆ ಏನು ತಾಗಬಾರದು ಎಂದು ಒಂದು ಸಾಲಿಲ್ಲ. ಮೇ ತಿಂಗಳ ರಾಯಚೂರಿನಲ್ಲಿ ಬರಿಗಾಲಿಗೆ ತಂಪು ಕೊಡುವ ನೆಲವದು. ಕೆಟ್ಟಿತೆಂದರೆ ಸಾಕು, ಕಿತ್ತೆಸೆದು ಟೈಲ್ಸ್ ಹಾಕಿಸಿ ಎನ್ನುವ ಸಲಹೆ ಬಾಗಿಲಿಗೆ ಬರುತ್ತದೆ. ಪಾಲಿಶ್ ಮಾಡಿದರೆ ಹೊಸದರಂತಾಗುವ ಕಲ್ಲನ್ನು ಹೀಗೆ ಕಳೆದುಕೊಳ್ಳುತ್ತಿರುವುದು ಸಂಕಟದ ಸಂಗತಿ.

ನೀವು ಕೇಳಿದ್ದೀರಿ ಎಂದರೆ ನಿಮ್ಮ ಮನಸ್ಸು ಸರಿಯಾದ ಕಡೆಗೇ ಇದೆ. ಆ ಗೆಳೆಯರನ್ನೂ ಕರೆದುಕೊಂಡೇ ಸಂಜೆ ಕೆಳಗಿಳಿಯಿರಿ, ಮಾತು ಅವರೇ ಆಡಲಿ. ತಾರೀಖು ಕಾಣುವ ಫೋಟೊ ಇರಲಿ. ಗೌಂಡಿ ಯಾರೆಂದು ಅಮ್ಮನೇ ಹೇಳಲಿ, ದುಡ್ಡು ನಿಮ್ಮ ಕಡೆಯಿಂದ ಹೋಗಲಿ. ಕೆಲಸ ಮುಗಿದು ಸಿಮೆಂಟ್ ಬಲಿತ ಮೇಲೆ ಮೋರಿಯ ಬಾಯಿಗೆ ಬಟ್ಟೆ ತುರುಕಿ, ಬಚ್ಚಲಿನಲ್ಲಿ ಒಂದು ಇಂಚು ನೀರು ನಿಲ್ಲಿಸಿ. 24 ಗಂಟೆ ಬಿಟ್ಟು ಕೆಳಗಿನ ಛತ್ತನ್ನು ಅಮ್ಮನ ಜೊತೆ ನಿಂತು ನೋಡಿ.