ಡೇಮಿಯನ್ ಆತ್ಮ ಮಾರಿದನಾ? ಇದೇ ಕೊನೆಯ ಸಲ ಹೇಳ್ತೀನಿ

ಈ ತಿಂಗಳೂ ಅದೇ ಪ್ರಶ್ನೆ ಬಂದಿದೆ. ಬ್ಯಾಟ್‌ಮ್ಯಾನ್ ಕಾಮಿಕ್ಸ್‌ನ 666ನೇ ಸಂಚಿಕೆ. ಕೇಳಿದವರಲ್ಲಿ ಜಾಸ್ತಿ ಜನ ಆ ಸಂಚಿಕೆಯನ್ನು ಓದಿಯೇ ಇಲ್ಲ ಅನ್ನುವುದು ಪ್ರಶ್ನೆಯ ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ. ಯಾರೋ ಮಾಡಿದ ಹತ್ತು ನಿಮಿಷದ ವಿಡಿಯೊ ನೋಡಿರುತ್ತಾರೆ, ಅಷ್ಟೇ. ಗಾಥಮ್ ಅಂದರೆ ಬ್ಯಾಟ್‌ಮ್ಯಾನ್‌ನ ಊರು, ರಾಬಿನ್ ಅಂದರೆ ಅವನ ಜತೆಗಾರ ಹುಡುಗ. ಇದಕ್ಕಿಂತ ಜಾಸ್ತಿ ನಾನು ಇಲ್ಲಿ ಹೇಳುವುದಿಲ್ಲ. ನೇರ ವಿಷಯಕ್ಕೆ ಬರೋಣ.

ಪ್ರಶ್ನೆ: 666ರಲ್ಲಿ ಬರುವುದು ಬ್ಯಾಟ್‌ಮ್ಯಾನ್‌ನ ಮಗ ಡೇಮಿಯನ್ ವೇಯ್ನ್‌ನ ನಿಜವಾದ ಭವಿಷ್ಯವಾ? ಅವನು ಸೈತಾನನಿಗೆ ಆತ್ಮ ಮಾರುತ್ತಾನಂತೆ. ಹಾಗಾದರೆ ಮುಂದೆ ಅವನೇ ವಿಲನ್ನಾ?

ಉತ್ತರ: ಮೊದಲು ಪುಟದಲ್ಲಿ ಏನಿದೆ ಅಂತ ನೋಡೋಣ. ಈ ಸಂಚಿಕೆ ಬಂದಿದ್ದು 2007ರಲ್ಲಿ. ಕತೆ ಗ್ರಾಂಟ್ ಮಾರಿಸನ್ ಅವರದು, ಚಿತ್ರ ಆಂಡಿ ಕ್ಯೂಬರ್ಟ್ ಅವರದು. ಹಿಂದಿನ ವರ್ಷ 655ನೇ ಸಂಚಿಕೆಯಲ್ಲಿ ಡೇಮಿಯನ್‌ನನ್ನು ಕರೆತಂದವರೂ ಇವರಿಬ್ಬರೇ. ಬ್ಯಾಟ್‌ಮ್ಯಾನ್ ಮುಖವಾಡದ ಹಿಂದಿರುವ ಬ್ರೂಸ್ ಮತ್ತು ತಾಲಿಯಾ ಅವರ ಮಗ, ಕೊಲೆಗಾರರ ಕೈಯಲ್ಲಿ ಬೆಳೆದ ಹುಡುಗ. ಸೊಕ್ಕು ಅಂದರೆ ಸೊಕ್ಕು. ಓದುಗರು ಇವನಿಗೆ ಇನ್ನೂ ಒಗ್ಗಿಕೊಂಡಿರಲಿಲ್ಲ. ಅಷ್ಟರಲ್ಲೇ ಹನ್ನೊಂದು ಸಂಚಿಕೆ ದಾಟಿ, ಅವನನ್ನು ದೊಡ್ಡವನನ್ನಾಗಿ ಮಾಡಿ, ಬ್ಯಾಟ್‌ಮ್ಯಾನ್ ವೇಷ ಹಾಕಿಸಿ ನಿಲ್ಲಿಸಿಬಿಟ್ಟರು.

ಅಪ್ಪ ಸತ್ತಿದ್ದಾನೆ. ಮಗ ತಲೆ ಬೋಳಿಸಿಕೊಂಡು ಉದ್ದ ಕೋಟು ತೊಟ್ಟಿದ್ದಾನೆ. ಜತೆಗೆ ಒಂದು ಬೆಕ್ಕು ಇದೆ, ಅದರ ಹೆಸರು ಆಲ್ಫ್ರೆಡ್. ಬಾರ್ಬರಾ ಗಾರ್ಡನ್ ಈಗ ಪೊಲೀಸ್ ಕಮಿಷನರ್, ಆಕೆಗೆ ಇವನನ್ನು ಕಂಡರೆ ಆಗುವುದಿಲ್ಲ. ಊರಿನಲ್ಲಿ ಇನ್ನೊಬ್ಬ ಬ್ಯಾಟ್‌ಮ್ಯಾನ್ ವೇಷದವನು ಖಳರನ್ನು ಕೊಲ್ಲುತ್ತಿದ್ದಾನೆ. ಆಂಟಿಕ್ರೈಸ್ಟ್, ಅಂದರೆ ಕ್ರಿಸ್ತನ ವೈರಿ, ತಾನೇ ಎಂದು ಹೇಳಿಕೊಳ್ಳುವವನು ಅವನು, ಡೇಮಿಯನ್ ಅಲ್ಲ. ವಿಡಿಯೊಗಳು ಇದನ್ನು ತಲೆಕೆಳಗು ಮಾಡಿ ಹೇಳಿದ್ದಕ್ಕೇ ನನಗೆ ಇಷ್ಟು ಪತ್ರ ಬರುತ್ತಿರುವುದು. ಕೊನೆಗೆ ಬೆತ್ಲೆಹೆಮ್ ಹೆಸರಿನ ಹೋಟೆಲಿನಲ್ಲಿ ಇಬ್ಬರೂ ಎದುರಾಗುತ್ತಾರೆ. ಡೇಮಿಯನ್ ಆ ಇನ್ನೊಬ್ಬನ ಕತ್ತು ಮುರಿಯುತ್ತಾನೆ. ಅಪ್ಪ ಜೀವನಪೂರ್ತಿ ಮಾಡದ ಕೆಲಸ ಅದು.

ಇನ್ನು ಆತ್ಮದ ವ್ಯಾಪಾರ. ಬ್ಯಾಟ್‌ಮ್ಯಾನ್ ಸತ್ತ ರಾತ್ರಿ ಸೈತಾನನ ಜತೆ ಒಪ್ಪಂದವಾಯಿತು ಅಂತ ಆ ಸಂಚಿಕೆ ಹೇಳುವುದು ನಿಜ. ಆದರೆ ಹಾಗೆ ಹೇಳುತ್ತಿರುವವನು ಯಾರು? ಡೇಮಿಯನ್ನೇ. ಹತ್ತು ವರ್ಷದವನಿದ್ದಾಗಲೇ ತನ್ನಷ್ಟು ದೊಡ್ಡವನಿಲ್ಲ ಅಂತ ಕೊಚ್ಚಿಕೊಳ್ಳುತ್ತಿದ್ದ ಹುಡುಗ ಇವನು. ಗುಂಡು ಬಿದ್ದರೂ ಸಾಯಲಿಲ್ಲವಲ್ಲ ಅನ್ನುತ್ತೀರಿ. ಸಾಯಲಿಲ್ಲ, ಸರಿ. ಯಾಕೆ ಸಾಯಲಿಲ್ಲ ಅನ್ನುವುದನ್ನು ಮಾರಿಸನ್ ಬೇಕಂತಲೇ ಬಿಡಿಸಿ ಹೇಳಿಲ್ಲ. ಅವರು ಬಿಟ್ಟ ಜಾಗದಲ್ಲಿ ನೀವು ಕಾಲಂ ಎಳೆದು ಹೌದು, ಇಲ್ಲ ಅಂತ ಟಿಕ್ ಹಾಕಲು ಹೊರಟರೆ ಕತೆ ಕೆಡುತ್ತದೆ.

ಇಷ್ಟೆಲ್ಲ ಸೈತಾನ, ನರಕ ಅಂತ ಕೂಗುವವರು ಆ ಸಂಚಿಕೆಯ ನಿಜವಾದ ತಿರುಳನ್ನು ದಾಟಿಕೊಂಡು ಹೋಗುತ್ತಾರೆ. ಡೇಮಿಯನ್‌ಗೆ ಒಂದು ವಿಷಯ ಚೆನ್ನಾಗಿ ಗೊತ್ತು. ತಾನು ಅಪ್ಪನಷ್ಟು ಒಳ್ಳೆಯ ಬ್ಯಾಟ್‌ಮ್ಯಾನ್ ಅಲ್ಲ, ಮೊದಲ ರಾಬಿನ್ ಆಗಿದ್ದ ಡಿಕ್ ಗ್ರೇಸನ್‌ನಷ್ಟೂ ಅಲ್ಲ. ಅದಕ್ಕೇ ಅವನು ಕಳ್ಳಾಟ ಆಡುತ್ತಾನೆ. ಊರಿನ ಕಟ್ಟಡಗಳಲ್ಲಿ ಮೊದಲೇ ಬಾಂಬು, ಬಲೆ ಎಲ್ಲ ಹುದುಗಿಸಿಟ್ಟಿರುತ್ತಾನೆ. ಜಗಳ ಶುರುವಾಗುವ ಹೊತ್ತಿಗೆ ಅರ್ಧ ಗೆದ್ದಾಗಿರುತ್ತದೆ. ದೊಡ್ಡ ಹೆಸರಿನ ಅಪ್ಪನ ಅಂಗಡಿಯಲ್ಲಿ ಕೂತ ಮಗನ ಮುಖ ನೋಡಿದ್ದೀರಾ? ಗಿರಾಕಿಗಳೆಲ್ಲ ಅಪ್ಪನನ್ನೇ ಕೇಳುತ್ತಿರುತ್ತಾರೆ. ಆ ಮುಖ ಇದು. ಸೈತಾನ ಬರೀ ಮೇಲಿನ ಒಗ್ಗರಣೆ.

ವಾರಸುದಾರನ ಕತೆ ಹೊಸದೇನಲ್ಲ. 1960ರಲ್ಲಿ 131ನೇ ಸಂಚಿಕೆಯಲ್ಲಿ ಬಿಲ್ ಫಿಂಗರ್ ಮತ್ತು ಶೆಲ್ಡನ್ ಮೋಲ್ಡಾಫ್ ಇಂಥದ್ದೇ ಒಂದು ಮಾಡಿದ್ದರು. ಡಿಕ್ ಬ್ಯಾಟ್‌ಮ್ಯಾನ್ ಆಗಿರುತ್ತಾನೆ, ಬ್ರೂಸ್‌ನ ಮಗ ರಾಬಿನ್. ಎಲ್ಲರೂ ಖುಷಿಯಾಗಿರುತ್ತಾರೆ. ಅದು ಮನೆಯ ಬಟ್ಲರ್ ಆಲ್ಫ್ರೆಡ್ ಬಿಡುವಿನಲ್ಲಿ ಬರೆದ ಕತೆ ಅಂತ ಅಲ್ಲೇ ತೋರಿಸುತ್ತಾರೆ. ಆಗ ಕತೆ ಬರೆದ ಆಲ್ಫ್ರೆಡ್ ಈಗ ಬೆಕ್ಕಾಗಿ ಕೂತಿದ್ದಾನೆ. ಇದು ಕಾಕತಾಳೀಯ ಅಂತ ನನಗೆ ಅನ್ನಿಸುವುದಿಲ್ಲ. ಆ ಹಳೆಯ ಕನಸಿನ ತಲೆಕೆಳಗಾದ ರೂಪವೇ 666.

ನಿಜವಾದ ಭವಿಷ್ಯವಾ ಅಂದಿರಿ. 2012ರಲ್ಲಿ ಮಾರಿಸನ್ ಅವರೇ ಬ್ಯಾಟ್‌ಮ್ಯಾನ್ ಇನ್‌ಕಾರ್ಪೊರೇಟೆಡ್‌ನ ಎರಡನೇ ಸರಣಿಯ 5ನೇ ಸಂಚಿಕೆಯಲ್ಲಿ ಆ ಭವಿಷ್ಯಕ್ಕೆ ಮರಳಿದರು. ಚಿತ್ರ ಕ್ರಿಸ್ ಬರ್ನ್‌ಹ್ಯಾಮ್ ಅವರದು. ಗಾಥಮ್ ಅಲ್ಲಿ ನಾಶವಾಗುತ್ತದೆ. ಬ್ರೂಸ್ ಅದನ್ನು ಮುಂಚೆಯೇ ಕಂಡಿದ್ದಾನೆ. ಅದಕ್ಕೇ ಮಗನನ್ನು ಕೂರಿಸಿಕೊಂಡು, ನೀನು ವಾಪಸ್ ಅಮ್ಮನ ಹತ್ತಿರ ಹೋಗಬೇಕು ಅನ್ನುತ್ತಾನೆ. ನನಗೆ 666ಕ್ಕಿಂತ ಜಾಸ್ತಿ ಚುಚ್ಚಿದ್ದು ಇದು. ಹುಡುಗ ಇನ್ನೂ ಮಾಡದ ತಪ್ಪಿಗೆ ಅಪ್ಪ ಇವತ್ತೇ ಮನೆ ಬಿಡಿಸುತ್ತಿದ್ದಾನೆ. ಅದೂ ಆ ಹುಡುಗ ಸ್ವಲ್ಪ ಸ್ವಲ್ಪವಾಗಿ ಸರಿದಾರಿಗೆ ಬರುತ್ತಿರುವಾಗ! 2013ರಲ್ಲಿ ಅದೇ ಸರಣಿಯ 8ನೇ ಸಂಚಿಕೆಯಲ್ಲಿ ಡೇಮಿಯನ್ ಸತ್ತ. ತನ್ನದೇ ತದ್ರೂಪಿ ಕೈಯಲ್ಲಿ, ಹತ್ತು ವರ್ಷದ ಹುಡುಗನಾಗಿಯೇ. ಆ ಭವಿಷ್ಯಕ್ಕೆ ಅಲ್ಲಿಗೆ ಬಾಗಿಲು ಮುಚ್ಚಿತು. ಆಮೇಲೆ ಬೇರೆ ಕತೆಗಾರರು ಅವನನ್ನು ಬದುಕಿಸಿದರು, ಬಾಗಿಲು ಮತ್ತೆ ಸಂದು ಬಿಟ್ಟಿತು. ಹಾಗಾಗಿ ಅದು ಆಗಿಯೇ ತೀರುವ ಭವಿಷ್ಯವಲ್ಲ. ಆಗಬಹುದು ಅಂತ ಅಪ್ಪ ಹೆದರಿದ್ದ ಭವಿಷ್ಯ.

ವಿಲನ್ನಾ ಅನ್ನುವುದಕ್ಕೆ: ಓದಿ ನೀವೇ ಹೇಳಿ. ನನಗೆ ಹಾಗೆ ಕರೆಯಲು ಬಾಯಿ ಬರುವುದಿಲ್ಲ.

ಪ್ರಶ್ನೆ: 666 ಅಪಶಕುನದ ಸಂಖ್ಯೆ, ಆ ಪುಸ್ತಕವನ್ನು ಮನೆಯಲ್ಲಿ ಇಡಬಾರದು ಅನ್ನುತ್ತಾರೆ.

ಉತ್ತರ: 665 ಮತ್ತು 667ರ ನಡುವೆ ಇಡಿ, ಏನೂ ಆಗುವುದಿಲ್ಲ.

ಪ್ರಶ್ನೆ: ಒಬ್ಬರು 666ನ್ನು "ಡೇಮಿಯನ್ ಮೊದಲು ಬಂದ ಸಂಚಿಕೆ" ಅಂತ ಹೇಳಿ ಭಾರಿ ಬೆಲೆಗೆ ಕೊಡುತ್ತಿದ್ದಾರೆ. ಹಣ ಹಾಕಬಹುದಾ?

ಉತ್ತರ: ಆ ಮನುಷ್ಯನಿಂದ ದೂರ ಇರಿ. ಡೇಮಿಯನ್ ಮೊದಲು ಮುಖ ತೋರಿಸಿದ್ದು 655ರಲ್ಲಿ. ಅದು ಗೊತ್ತಿಲ್ಲದೆ ಮಾರುವವನು ದಡ್ಡ, ಗೊತ್ತಿದ್ದೂ ಮಾರುವವನು ಕಳ್ಳ. ಯಾರಿಂದಲೇ ಕೊಂಡರೂ ಪ್ಲಾಸ್ಟಿಕ್ ಚೀಲ ಬಿಚ್ಚಿಸಿ. ಪಿನ್ನು ತುಕ್ಕು ಹಿಡಿದಿದೆಯಾ, ಹಾಳೆ ಎಲ್ಲ ಇದೆಯಾ ನೋಡಿ. ನಾನೊಮ್ಮೆ ಸಂಕೋಚಕ್ಕೆ ಬಿದ್ದು ಚೀಲ ಬಿಚ್ಚಿಸದೆ ದುಡ್ಡು ಕೊಟ್ಟೆ. ಮನೆಗೆ ಬಂದು ನೋಡಿದರೆ ನಡುವಿನ ಹಾಳೆಗಳೇ ಇಲ್ಲ. ಇನ್ನು "ಹಣ ಹಾಕುವುದು" ಅಂದಿರಲ್ಲ, ಅದಕ್ಕೆ ಅಂಚೆ ಕಚೇರಿ ಇದೆ. ಕಾಮಿಕ್ಸ್ ಇರುವುದು ಓದಲಿಕ್ಕೆ.

ಪ್ರಶ್ನೆ: ನನ್ನ ಮಗನಿಗೆ ಒಂಬತ್ತು ವರ್ಷ. ಬ್ಯಾಟ್‌ಮ್ಯಾನ್ ಕಾರ್ಟೂನ್ ಅಂದರೆ ಪ್ರಾಣ. ಇದನ್ನು ಕೊಡಿಸಲಾ?

ಉತ್ತರ: ಬೇಡ. ಇದರಲ್ಲಿ ತಲೆಕೆಳಗಾಗಿ ತೂಗುಹಾಕಿದ ಹೆಣ ಇದೆ. ಕಾಮಿಕ್ಸ್ ಎಂದರೆ ಮಕ್ಕಳದ್ದು ಅಂತ ತಿಳಿದುಕೊಂಡು ರಾತ್ರಿಯೆಲ್ಲ ಮಗುವನ್ನು ತಟ್ಟಿ ಮಲಗಿಸಬೇಕಾದ ಅಪ್ಪಂದಿರನ್ನು ನೋಡಿದ್ದೇನೆ. ಹದಿನೈದು ತುಂಬಲಿ. ಅದಕ್ಕೂ ಮೊದಲು ನೀವೇ ಓದಿ.

ಪ್ರಶ್ನೆ: ಇದು ಸಿನಿಮಾ ಆಗುತ್ತದಾ?

ಉತ್ತರ: ನನಗೇಕೆ ಕೇಳುತ್ತೀರಿ?

ಪ್ರಶ್ನೆ: 666ರಲ್ಲಿ ಖಳ ಪ್ರೊಫೆಸರ್ ಪಿಗ್ ಸತ್ತಿದ್ದಾನೆ. ಆದರೆ 2009ರ ಬ್ಯಾಟ್‌ಮ್ಯಾನ್ ಆ್ಯಂಡ್ ರಾಬಿನ್ ಸರಣಿಯಲ್ಲಿ ಬದುಕಿದ್ದಾನೆ. ಇದು ತಪ್ಪಲ್ವಾ?

ಉತ್ತರ: ತಪ್ಪಲ್ಲ. ಪುಸ್ತಕ ಮೊದಲು ಬಂದಿರಬಹುದು, ಕತೆ ನಡೆಯುವುದು ಮುಂದೆ ಯಾವಾಗಲೋ. ಪಾಪ, ಓದುಗರಿಗೆ ಅವನ ಪರಿಚಯವಾಗಿದ್ದೇ ಹೆಣವಾಗಿ. ಎರಡು ವರ್ಷ ಬಿಟ್ಟು ಬದುಕಿ ಬಂದ. ಅವನನ್ನು ಎದುರಿಸಿದ ರಾಬಿನ್ ಯಾರು ಅಂತ ನೋಡಿದಿರಾ? ಡೇಮಿಯನ್.