ಸಂಬಳವಿಲ್ಲದ ಮಾಡ್ ತಂಡಕ್ಕೆ ಸೇರಲಾ?

ಪ್ರಶ್ನೆ: ಬ್ಲೆಂಡರ್ ಅನ್ನೋ 3ಡಿ ಅನಿಮೇಷನ್ ಸಾಫ್ಟ್‌ವೇರ್ ಕಲಿತಿದ್ದೇನೆ. ಹಳೆಯ ಗೇಮೊಂದಕ್ಕೆ ಮಾಡ್ (ಇರುವ ಗೇಮನ್ನು ಅಭಿಮಾನಿಗಳೇ ಬದಲಿಸಿ ಕಟ್ಟುವ ಹೊಸ ರೂಪ) ತಯಾರಿಸುತ್ತಿರುವ ತಂಡ ಅನಿಮೇಟರ್ ಆಗಿ ಬಾ ಅಂತ ಕರೆದಿದೆ. ದುಡ್ಡು ಕೊಡಲ್ಲ. ಮನೆಯಲ್ಲಿ ಸುಮ್ನೆ ಟೈಮ್ ವೇಸ್ಟ್ ಅಂತಾರೆ. ಹೋಗಲಾ?

ಉತ್ತರ: ಹೋಗಿ. ಖಂಡಿತ ವೇಸ್ಟ್ ಅಲ್ಲ. ಹೆಸರಾಂತ ಶೂಟಿಂಗ್ ಗೇಮ್ ಕೌಂಟರ್-ಸ್ಟ್ರೈಕ್ 1999ರಲ್ಲಿ ಹಾಫ್-ಲೈಫ್ ಗೇಮಿನ ಮಾಡ್ ಆಗಿಯೇ ಶುರುವಾಗಿದ್ದು, ಆಮೇಲೆ ಹಾಫ್-ಲೈಫ್ ಮಾಡಿದ ವಾಲ್ವ್ ಕಂಪನಿಯೇ ಅದನ್ನು ಕೊಂಡುಕೊಂಡಿತು. ಆದರೆ ತಾಳ್ಮೆ ಜಾಸ್ತಿ ಬೇಕು. ಅದೇ ಹಾಫ್-ಲೈಫನ್ನು ಹೊಸದಾಗಿ ಕಟ್ಟಿದ ಬ್ಲ್ಯಾಕ್ ಮೇಸಾ ಅನ್ನೋ ಮಾಡ್ 2012ರಲ್ಲಿ ಉಚಿತವಾಗಿ ಬಂದಾಗ ಕೊನೆಯ ಭಾಗವೇ ಇರಲಿಲ್ಲ, ಪೂರ್ತಿಯಾಗಿದ್ದು 2020ರಲ್ಲಿ.

ಅನಿಮೇಟರ್ ಕೆಲಸ ಹೇಗಿರುತ್ತದೆ ಗೊತ್ತಾ? ಬಂದೂಕು ರೀಲೋಡ್ ಮಾಡುವ ಎರಡು ಸೆಕೆಂಡ್ ತಗೊಳ್ಳಿ, ಸೆಕೆಂಡಿಗೆ 30ರ ಲೆಕ್ಕದಲ್ಲಿ 60 ಫ್ರೇಮ್, ಅಂದರೆ 60 ಬಿಡಿ ಚಿತ್ರ. ಎಡಗೈ ಮ್ಯಾಗಜಿನ್ (ಗುಂಡು ತುಂಬಿದ ಡಬ್ಬಿ) ಎಳೆದಾಗ ಬಂದೂಕು ಸ್ವಲ್ಪ ವಾಲಬೇಕು, ಹೊಸದು ಕೂತಾಗ ಮೇಲಕ್ಕೆ ಕುಲುಕಬೇಕು, ಕೊನೆಯ ಫ್ರೇಮ್ ಸುಮ್ಮನೆ ನಿಂತ ಭಂಗಿಗೆ ಸರಿಯಾಗಿ ಸೇರಬೇಕು, ಇಲ್ಲಾಂದ್ರೆ ಆಟದಲ್ಲಿ ಕೈ ಜಿಗಿದ ಹಾಗೆ ಕಾಣುತ್ತದೆ. ಇದನ್ನು ಕೋರ್ಸಿನಲ್ಲಿ ಕೂತು ಕಲಿಯೋದು ಕಷ್ಟ, ತಂಡದಲ್ಲಿ ತಾನಾಗಿ ಬರುತ್ತದೆ.

ಮಧ್ಯದಲ್ಲಿ ಯಾರಾದರೂ ರಿಗ್‌ನ (ಪಾತ್ರವನ್ನು ಆಡಿಸುವ ಒಳಗಿನ ಡಿಜಿಟಲ್ ಅಸ್ಥಿಪಂಜರ) ಮೂಳೆಗಳ ಹೆಸರು ಬದಲಿಸಿದರೆ ನಿಮ್ಮ ಕೆಲಸ ಕೆಡುತ್ತದೆ. ಅದಕ್ಕೇ ಸೇರುವ ಮುಂಚೆ ಎರಡು ಮಾತು ಕೇಳಿ: ರಿಗ್ ಫೈನಲ್ ಆಗಿದೆಯಾ, ನನ್ನ ಅನಿಮೇಷನ್ ಶೋರೀಲ್‌ಗೆ (ಕೆಲಸ ಕೇಳುವಾಗ ತೋರಿಸುವ ಮಾದರಿ ವಿಡಿಯೋ) ಹಾಕಿಕೊಳ್ಳಬಹುದಾ? ಎರಡನೆಯದಕ್ಕೆ ಇಲ್ಲ ಅಂದರೆ ಆ ತಂಡ ಬೇಡ, ಬೇರೆಯದು ಹುಡುಕಿ.