ಕತೆಯೊಳಗೆ ಮಳೆ ಯಾಕೆ ಬರಬೇಕು?

ಪ್ರಶ್ನೆ: ನನ್ನ ಕತೆಯಲ್ಲಿ ಹೆಣ್ಣುಮಗಳೊಬ್ಬಳು ಗಂಡನ ಮನೆ ಬಿಟ್ಟು ಹೊರಡುವಾಗ ಧೋ ಎಂದು ಮಳೆ ಸುರಿಯುತ್ತದೆ. ಓದಿದವರೆಲ್ಲ ‘ಸಿನಿಮಾ ಥರ ಆಯ್ತು’ ಅಂತಾರೆ. ಎಲ್ಲಿ ಎಡವಿದ್ದೇನೆ?

ಉತ್ತರ: ಅವಳು ಅಳುತ್ತಿದ್ದಾಳೆ ಎಂದು ಬರೆದು, ಮೇಲಿಂದ ಆಕಾಶವನ್ನೂ ಅಳಿಸಿದ್ದೀರಿ. ಒಂದೇ ಮಾತು ಎರಡು ಸಲ ಆಯಿತು. ಅದಕ್ಕಿಂತ ದೊಡ್ಡ ತೊಡಕೆಂದರೆ ಆ ಮಳೆಗೆ ಊರಿಲ್ಲ, ತಿಂಗಳಿಲ್ಲ.

ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟವನ್ನೇ ತಗೊಳ್ಳಿ. ಮಾರ್ಚ್ ಕೊನೆಗೆ ಒಂದು ಇಂಚು ಹೂಮಳೆ ಬಿದ್ದರೆ ಮನೆಮಂದಿಗೆಲ್ಲ ಹಬ್ಬ. ಎಂಟು ಹತ್ತು ದಿನಕ್ಕೆ ಗಿಡಗಳೆಲ್ಲ ಹೂ ಅರಳಿ ಬೆಳ್ಳಗಾಗುತ್ತವೆ. ಅದೇ ಮಳೆ ಜನವರಿಯಲ್ಲಿ, ಹಣ್ಣು ಕಣದಲ್ಲಿ ಒಣಗುತ್ತಿರುವಾಗ ಬಂದರೆ ಟಾರ್ಪಾಲು ಹಿಡಿದು ಓಡಬೇಕು. ನೆನೆದ ಕಾಫಿಗೆ ಬೂಸ್ಟು ಹಿಡಿದರೆ ಬೆಲೆ ಬೀಳುತ್ತದೆ. ನಿಮ್ಮ ಹೆಣ್ಣುಮಗಳು ಹೂಮಳೆಯ ಸಂಜೆಯೇ ಹೊರಡಲಿ. ಮಾವ ಮಳೆಮಾಪಕದ ಜಾಡಿ ಎತ್ತಿ ಹಿಡಿದು, ಎಷ್ಟು ಇಂಚು, ಎಷ್ಟು ಸೆಂಟು (ಇಂಚಿನ ನೂರರಲ್ಲೊಂದು ಪಾಲು) ಅಂತ ಪಕ್ಕದ ತೋಟದವರಿಗೆ ಫೋನಿನಲ್ಲಿ ಹೇಳುತ್ತಿದ್ದಾರೆ. ಇವಳು ಬ್ಯಾಗು ಹಿಡಿದು ಅದೇ ಅಂಗಳ ದಾಟುತ್ತಾಳೆ. ಇನ್ನು ‘ಒಂಟಿ’ ಅನ್ನುವ ಪದ ಬೇಕೇ? ಪಾತ್ರದ ಮನಸ್ಸಿಗೆ ಎದುರು ನಿಂತ ಹವೆ, ಅದಕ್ಕೆ ತಾಳ ಹಾಕುವ ಹವೆಗಿಂತ ಹೆಚ್ಚು ನಾಟುತ್ತದೆ.

ತಿದ್ದುವಾಗ ಆ ಪ್ಯಾರಾದಲ್ಲಿ ದುಃಖ, ನೋವು, ಭಾರ ಇಂಥ ಪದಗಳಿಗೆಲ್ಲ ಗೆರೆ ಎಳೆದು, ಅವನ್ನು ಬಿಟ್ಟು ಓದಿ. ಅರ್ಥ ಕೆಡದಿದ್ದರೆ ಹೊಡೆದುಹಾಕಿ. ಪ್ರಕೃತಿಯ ವಿವರ ಎರಡು ಸಾಕು. ಅದರಲ್ಲೊಂದು ಕಿವಿಗೋ ಮೂಗಿಗೋ ಸಿಗುವಂಥದ್ದಿರಲಿ. ಮೂರು ನಾಲ್ಕು ಸೇರಿದರೆ ಕತೆ ನಿಂತುಹೋಗಿ ವರ್ಣನೆ ಶುರುವಾಗುತ್ತದೆ.

ಪ್ರಶ್ನೆ: ಪ್ರಕೃತಿಗೆ ಮನುಷ್ಯರ ಭಾವ ಬೆಸೆಯುವುದು ಇಂಗ್ಲಿಷಿನಿಂದ ಬಂದದ್ದೇ?

ಉತ್ತರ: ಖಂಡಿತ ಅಲ್ಲ. ಇಂಗ್ಲೆಂಡಿನ ವಿಮರ್ಶಕ ಜಾನ್ ರಸ್ಕಿನ್ 1856ರಲ್ಲಿ ಇದನ್ನು ದೋಷವೆಂದೇ ಗುರುತಿಸಿದ: ದುಃಖದಲ್ಲಿರುವವನು ಕಡಲ ನೊರೆಯನ್ನು ಕ್ರೂರಿ ಅನ್ನುತ್ತಾನೆ, ನೊರೆ ಕ್ರೂರಿಯಲ್ಲ ಎಂಬುದು ಅವನ ತಕರಾರು. ನಮ್ಮ ಕಾವ್ಯಮೀಮಾಂಸೆ ಇದನ್ನು ಬೇರೆ ರೀತಿಯಲ್ಲಿ ನೋಡಿತು. ಅದರ ಪ್ರಕಾರ ಬೆಳದಿಂಗಳು, ತಂಗಾಳಿ, ಕೋಗಿಲೆಗಳೆಲ್ಲ ಉದ್ದೀಪನ ವಿಭಾವ; ಭಾವ ಮನುಷ್ಯನದು, ಅದನ್ನು ಕೆರಳಿಸುವುದಷ್ಟೇ ಅವುಗಳ ಪಾಲು. ತೆಂಕಣ ಗಾಳಿ ಸೋಂಕಿದರೂ ತನ್ನ ಮನಸ್ಸು ಬನವಾಸಿಯನ್ನು ನೆನೆಯುತ್ತದೆ ಎಂದು ಪಂಪ ಹೇಳುವಲ್ಲಿ ಗಾಳಿ ನಿಟ್ಟುಸಿರು ಬಿಡುವುದಿಲ್ಲ, ಮೈಗೆ ತಾಗುತ್ತದೆ ಅಷ್ಟೆ. ಎಂಥ ಸಂಯಮ! ತಮಿಳಿನ ಪ್ರಾಚೀನ ಸಂಗಂ ಕವಿಗಳು ಭಾವಕ್ಕೊಂದು ನೆಲವನ್ನೇ ಗೊತ್ತುಮಾಡಿದ್ದರು: ಬೆಟ್ಟದಲ್ಲಿ ಮಿಲನ, ಕಾಡಿನಲ್ಲಿ ಮಳೆಗಾಲದ ಸಂಜೆಯ ಕಾಯುವಿಕೆ, ಸುಡುವ ಬಯಲಿನ ನಡುಹಗಲಲ್ಲಿ ಅಗಲಿಕೆ. ಮೈಸೂರಿನಲ್ಲಿ ಹುಟ್ಟಿದ ಕವಿ ಎ.ಕೆ. ರಾಮಾನುಜನ್ 1967ರಲ್ಲಿ ಈ ಕವಿತೆಗಳಲ್ಲಿ ಕೆಲವನ್ನು ಇಂಗ್ಲಿಷಿಗೆ ತಂದರು.

ಪ್ರಶ್ನೆ: ಇಂಥ ವರ್ಣನೆಯಲ್ಲಿ ಹೆಚ್ಚಾಗಿ ತಪ್ಪುವುದು ಎಲ್ಲಿ?

ಉತ್ತರ: ಚಂದ್ರನಲ್ಲಿ. ಅಮಾವಾಸ್ಯೆ ಕಳೆದ ಬಿದಿಗೆಯ ಚಂದ್ರ ಸಂಜೆ ಪಡುವಣದಲ್ಲಿ ಕಂಡು ಬೇಗ ಮುಳುಗುತ್ತಾನೆ. ಮಧ್ಯರಾತ್ರಿಯ ಕಿಟಕಿಗೆ ಅವನನ್ನು ತರಬೇಡಿ. ಆ ಹೊತ್ತಿಗೆ ಮೂಡುವವನು ಬಹುಳ ಅಷ್ಟಮಿಯ, ಅಂದರೆ ಹುಣ್ಣಿಮೆ ಕಳೆದ ಎಂಟನೇ ತಿಥಿಯ ಚಂದ್ರ; ಕೃಷ್ಣಾಷ್ಟಮಿಯ ರಾತ್ರಿ ಚಂದ್ರೋದಯಕ್ಕೆ ಕಾದು ಅರ್ಘ್ಯ ಕೊಡುವವರಿಗೆ ಇದು ಗೊತ್ತು. ಹುಣ್ಣಿಮೆಯವನು ಹೊತ್ತು ಮುಳುಗುವಾಗಲೇ ಮೂಡುತ್ತಾನೆ. ಬರೆಯುವ ಮೇಜಿನ ಮೇಲೊಂದು ಪಂಚಾಂಗ ಇಟ್ಟುಕೊಳ್ಳಿ. ತಿಥಿಯೂ ಮಳೆ ನಕ್ಷತ್ರವೂ ಅದರಲ್ಲೇ ಸಿಗುತ್ತವೆ.